ಮಗು ಮಲಗಿದೆಯೋ, ಮಂಕಾಗಿದೆಯೋ?

ಮನೆಯಲ್ಲಿ ಚಿಕ್ಕ ಮಗುವಿದ್ದ ಮೇಲೆ ವಾಂತಿ ಎಂಬುದು ಅಪರೂಪದ ಸಂಗತಿಯಲ್ಲ. ಹಾಲು ಕುಡಿದು ಕಕ್ಕುವುದು, ಹಬ್ಬದೂಟದ ಮರುದಿನ ಹೊಟ್ಟೆ ಕೆಡುವುದು, ಜ್ವರದೊಡನೆ ಒಂದೆರಡು ಬಾರಿ ವಾಂತಿಯಾಗುವುದು, ಇವೆಲ್ಲವನ್ನೂ ಕಾಣದ ತಾಯಿ ಇರಲಾರಳು. ಬಹುಪಾಲು ಸಲ ಒಂದೆರಡು ದಿನಗಳಲ್ಲಿ ಮಗು ಮೊದಲಿನಂತೆ ಆಡತೊಡಗುತ್ತದೆ. ಆದರೆ ಆ ವಾಂತಿಯ ಬೆನ್ನ ಹಿಂದೆಯೇ ಸದ್ದಿಲ್ಲದೆ ಬರುವ ಇನ್ನೊಂದು ಲಕ್ಷಣವಿದೆ. ಅದು ಮಂಕು. ವಾಂತಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಮನೆಯವರನ್ನೆಲ್ಲ ಓಡಾಡಿಸುತ್ತದೆ. ಮಂಕು ಹಾಗಲ್ಲ, ಅದು ನಿದ್ರೆಯ ವೇಷ ತೊಟ್ಟು ಬರುತ್ತದೆ. ಎಷ್ಟೋ ಮನೆಗಳಲ್ಲಿ ಅಮೂಲ್ಯವಾದ ಗಂಟೆಗಳು ಕಳೆದುಹೋಗುವುದು ಈ ವೇಷವನ್ನು ಗುರುತಿಸಲಾರದೆ.

ಐಮಂಗಲದಂಥ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹದಿನಾಲ್ಕು ತಿಂಗಳ ಕೂಸು. ಭಾನುವಾರ ಪೂಜೆ ಮುಗಿಸಿ, ನೆಂಟರ ಮನೆಯಲ್ಲಿ ಊಟ ಮಾಡಿ ಹಿಂದಿರುಗಿದ ಸಂಜೆ ಮೊದಲ ವಾಂತಿ. ರಾತ್ರಿ ಎಂಟರ ಹೊತ್ತಿಗೆ ನಾಲ್ಕನೆಯದು. ಜೊತೆಗೆ ನೀರಿನಂಥ ಭೇದಿ. ಹನ್ನೊಂದು ಗಂಟೆಗೆ ಅಳು ನಿಲ್ಲುತ್ತದೆ, ವಾಂತಿಯೂ ನಿಲ್ಲುತ್ತದೆ. ಮಗು ತಾಯಿಯ ಹೆಗಲ ಮೇಲೆ ತಲೆಯಿಟ್ಟು ಕಣ್ಣು ಮುಚ್ಚುತ್ತದೆ. ಬಾಗಿಲಲ್ಲಿ ನಿಂತ ಅಜ್ಜಿ, "ಈಗ ತಾನೇ ಕಣ್ಣು ಮುಚ್ಚಿದೆ, ಎಬ್ಬಿಸಬೇಡ ಕಣಮ್ಮ, ಮಲಗಲಿ" ಎನ್ನುತ್ತಾರೆ. ಆ ಮಾತಿನಲ್ಲಿ ಇರುವುದು ಅಕ್ಕರೆಯೇ. ಆದರೂ ಆ ಗಳಿಗೆಯಲ್ಲಿ ಅದಕ್ಕಿಂತ ಅಪಾಯಕರವಾದ ಮಾತು ಮತ್ತೊಂದಿಲ್ಲ. ಏಕೆಂದರೆ ಆ ಮಗು ದಣಿದು ಮಲಗಿದೆಯೋ, ಮೈಯ ನೀರು ಬತ್ತಿ ಮಂಕಾಗಿದೆಯೋ ಎಂಬುದನ್ನು ಯಾರೂ ಪರೀಕ್ಷಿಸಲಿಲ್ಲ.

ಹಿರಿಯೂರು ಮತ್ತು ಚಿತ್ರದುರ್ಗಗಳ ನಡುವೆ ಹೆದ್ದಾರಿಯ ಮೇಲಿರುವ ಐಮಂಗಲದಂಥ ಊರಿಗೆ ಹಗಲಿನಲ್ಲಿ ಆಸ್ಪತ್ರೆ ದೂರವೆನಿಸದು. ನಡುರಾತ್ರಿ, ಒಳಹಳ್ಳಿಯಿಂದ, ವಾಹನ ಹುಡುಕಿ ಹೊರಡಬೇಕಾದಾಗ ಅದೇ ದಾರಿ ಬಲು ದೀರ್ಘವಾಗುತ್ತದೆ. ಆದ್ದರಿಂದ ಯಾವುದನ್ನು ಮನೆಯಲ್ಲೇ ಮಾಡಬಹುದು, ಯಾವುದನ್ನು ಕಂಡೊಡನೆ ಹೊರಡಬೇಕು ಎಂಬ ತಿಳಿವಳಿಕೆ ನಮ್ಮ ಪ್ರತಿಯೊಂದು ಕುಟುಂಬದಲ್ಲೂ ಇರಬೇಕಾದದ್ದು ಅಗತ್ಯ.

ಮೈಯೊಳಗಿನ ನೀರಿನ ಲೆಕ್ಕ

ಎಳೆಯ ಮಗುವಿನ ಮೈತೂಕದಲ್ಲಿ ಮುಕ್ಕಾಲು ಪಾಲಿಗೆ ಸಮೀಪದಷ್ಟು ನೀರೇ ಇರುತ್ತದೆ. ಹತ್ತು ಕಿಲೋ ತೂಕದ ಮಗುವನ್ನು ತೆಗೆದುಕೊಳ್ಳಿ. ವಾಂತಿ ಭೇದಿಗಳಿಂದ ಅದು ಅರ್ಧ ಲೀಟರಿನಷ್ಟು ನೀರು ಕಳೆದುಕೊಂಡರೆ ತೂಕದ ನೂರಕ್ಕೆ ಐದು ಪಾಲು ಹೋದಂತಾಯಿತು. ಆಗ ನಿರ್ಜಲೀಕರಣದ ಲಕ್ಷಣಗಳು ಕಾಣತೊಡಗುತ್ತವೆ. ಒಂದು ಲೀಟರ್ ಹೋದರೆ ನೂರಕ್ಕೆ ಹತ್ತು ಪಾಲು. ಅದು ಪ್ರಾಣಾಪಾಯದ ಅಂಚು. ದೊಡ್ಡವರಿಗೆ ಒಂದು ಲೀಟರ್ ನೀರಿನ ನಷ್ಟವೆಂದರೆ ಬೇಸಗೆಯ ಒಂದು ದಿನದ ಬೆವರು. ಮಗುವಿಗೆ ಅದೇ ಒಂದು ಲೀಟರ್ ಜೀವನ್ಮರಣದ ಪ್ರಶ್ನೆ. ಒಂದೇ ಊಟದಿಂದ ಮನೆಮಂದಿಗೆಲ್ಲ ಹೊಟ್ಟೆ ಕೆಟ್ಟರೂ, ಎಲ್ಲರಿಗಿಂತ ಮೊದಲು ಕೂಸೇ ಸೊರಗುವುದಕ್ಕೆ ಇದೇ ಕಾರಣ.

ನೀರಿನೊಂದಿಗೆ ಉಪ್ಪಿನಂಶಗಳೂ ಹೊರಹೋಗುತ್ತವೆ. ರಕ್ತದ ಹರಿವು ಕುಗ್ಗಿ, ಮಿದುಳಿಗೆ ಸಾಕಷ್ಟು ರಕ್ತ ತಲುಪದಾಗುತ್ತದೆ. ಅದರ ಮೇಲೆ, ಗಂಟೆಗಟ್ಟಲೆ ಏನನ್ನೂ ಉಳಿಸಿಕೊಳ್ಳದ ಚಿಕ್ಕ ಮಗುವಿನ ರಕ್ತದಲ್ಲಿ ಸಕ್ಕರೆಯ ಪ್ರಮಾಣವೂ ಇಳಿಯುತ್ತದೆ. ದೊಡ್ಡವರ ಯಕೃತ್ತಿನಲ್ಲಿರುವಷ್ಟು ಸಕ್ಕರೆಯ ದಾಸ್ತಾನು ಮಕ್ಕಳಲ್ಲಿ ಇರುವುದಿಲ್ಲ. ಇವೆರಡೂ ಸೇರಿದಾಗ ಮಗು ಮಂಕಾಗುತ್ತದೆ. ಆಗ ಅಳುವುದಕ್ಕೂ ಅದಕ್ಕೆ ಶಕ್ತಿ ಇರುವುದಿಲ್ಲ. ಜೋರಾಗಿ ಅಳುವ ಮಗುವನ್ನು ಕಂಡು ನಾವು ಗಾಬರಿಯಾಗುತ್ತೇವೆ, ಅಳು ನಿಲ್ಲಿಸಿದ ಮಗುವನ್ನು ಕಂಡು ಸಮಾಧಾನಪಡುತ್ತೇವೆ. ವಾಂತಿಯಾದ ಮಗುವಿನ ವಿಷಯದಲ್ಲಿ ಎಷ್ಟೋ ಸಲ ಇದು ತಿರುವುಮುರುವಾಗಬೇಕು.

ನಿದ್ರೆಗೂ ಮಂಕಿಗೂ ಇರುವ ವ್ಯತ್ಯಾಸ

ದಣಿದು ಮಲಗಿದ ಮಗುವನ್ನು ಎಬ್ಬಿಸಿದರೆ ಅದು ಕಿರಿಕಿರಿ ಮಾಡುತ್ತದೆ, ಮುಖ ಹಿಂಡುತ್ತದೆ, ಕಣ್ಣು ತೆರೆದು ತಾಯಿಯ ಮುಖವನ್ನು ನೋಡುತ್ತದೆ, ಮೊಲೆ ಬಾಯಿಗಿಟ್ಟರೆ ಚೀಪುತ್ತದೆ, ಚಮಚ ತುಟಿಗೆ ತಾಗಿಸಿದರೆ ನುಂಗುತ್ತದೆ. ಮಂಕಾದ ಮಗು ಹಾಗೆ ಮಾಡದು. ಕರೆದರೆ ಓಗೊಡದು; ಕಣ್ಣು ತೆರೆದರೂ ದೃಷ್ಟಿ ಎಲ್ಲೋ ಇರುತ್ತದೆ, ಮುಖದ ಮೇಲೆ ನಿಲ್ಲದು. ಎತ್ತಿಕೊಂಡರೆ ಕೈಕಾಲು ಬಟ್ಟೆಯಂತೆ ಜೋತುಬೀಳುತ್ತವೆ. ಬಾಯಿಗೆ ಹಾಕಿದ ನೀರು ಕಟವಾಯಿಯಿಂದ ಹೊರಗೆ ಹರಿಯುತ್ತದೆ.

ಆದ್ದರಿಂದ ವಾಂತಿಯಾದ ಮಗು ರಾತ್ರಿ ಮಲಗಿದಾಗ, ಗಂಟೆಗೊಂದು ಸಲವಾದರೂ ಮೆಲ್ಲಗೆ ಎಬ್ಬಿಸಿ ನೋಡುವುದು ತಪ್ಪಲ್ಲ, ಅದು ಕರ್ತವ್ಯ. ಎದ್ದು ಅತ್ತರೆ ಒಳ್ಳೆಯದೇ ಆಯಿತು. ಎರಡು ಚಮಚ ದ್ರವ ಕುಡಿಸಿ ಮತ್ತೆ ಮಲಗಿಸಬಹುದು. ಏಳದಿದ್ದರೆ ಬೆಳಗಿನವರೆಗೆ ಕಾಯುವ ಮಾತೇ ಇಲ್ಲ.

ಇದರೊಡನೆ ಇನ್ನು ಕೆಲವು ಗುರುತುಗಳನ್ನು ತಾಯಂದಿರು ತಿಳಿದಿರಬೇಕು. ಕಣ್ಣುಗಳು ಗುಳಿಬಿದ್ದಿವೆಯೇ? ಅಳುವಾಗ ಕಣ್ಣೀರು ಬರುತ್ತಿದೆಯೇ? ನಾಲಿಗೆ, ತುಟಿ ಒಣಗಿವೆಯೇ? ಆರೆಂಟು ಗಂಟೆಗಳಾದರೂ ಮೂತ್ರ ಮಾಡಿಲ್ಲವೇ? ಹೊಕ್ಕುಳಿಗೂ ಪಕ್ಕೆಗೂ ನಡುವಿನ ಜಾಗದಲ್ಲಿ ಚರ್ಮವನ್ನು ಎರಡು ಬೆರಳುಗಳಿಂದ ಮೆಲ್ಲಗೆ ಹಿಡಿದೆತ್ತಿ ಬಿಡಿ. ಆರೋಗ್ಯವಂತ ಮಗುವಿನ ಚರ್ಮ ಒಡನೆಯೇ ಮಟ್ಟವಾಗುತ್ತದೆ. ನಿಧಾನವಾಗಿ ಇಳಿದರೆ ನಿರ್ಜಲೀಕರಣವಾಗಿದೆ ಎಂದರ್ಥ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ಉಳಿದರೆ ಅದು ತೀವ್ರವಾಗಿದೆ ಎಂದರ್ಥ.

ಒಂದು ವರ್ಷದೊಳಗಿನ ಕೂಸುಗಳಲ್ಲಿ ನೆತ್ತಿ ಒಳಗೆ ಕುಸಿದಂತೆ ಕಾಣುವುದೂ ಇದೇ ಕಾರಣಕ್ಕೆ. ನಮ್ಮ ಕಡೆಯ ಹಿರಿಯರು "ನೆತ್ತಿ ಬಿದ್ದಿದೆ" ಎಂದು ಹೇಳಿ ಹರಳೆಣ್ಣೆ ತಟ್ಟುವುದುಂಟು. ಅವರು ಗುರುತಿಸಿದ ಲಕ್ಷಣ ನಿಜವಾದದ್ದೇ. ಹಳೆಯ ಕಾಲದ ಕಣ್ಣು ಚುರುಕಾಗಿತ್ತು. ಆದರೆ ಕೊರತೆಯಾಗಿರುವುದು ಒಳಗಿನ ನೀರು. ಅದನ್ನು ಹೊರಗಿನಿಂದ ತಟ್ಟಿದ ಎಣ್ಣೆ ತುಂಬಿಕೊಡಲಾರದು. ನೆತ್ತಿ ಬಿದ್ದದ್ದು ಕಂಡ ಅಜ್ಜಿ ಎಣ್ಣೆಯ ಬಟ್ಟಲಿನ ಬದಲು ನೀರಿನ ಚಮಚವನ್ನು ಕೈಗೆತ್ತಿಕೊಂಡು, ಮಗುವನ್ನು ವೈದ್ಯರ ಬಳಿಗೆ ಕಳುಹಿಸಿದರೆ ಅವರ ಅನುಭವ ಸಾರ್ಥಕವಾದಂತೆ.

ಒಂದೊಂದೇ ಚಮಚ

ಮಗು ಎಚ್ಚರವಾಗಿದೆ, ನುಂಗುತ್ತಿದೆ, ಆದರೆ ವಾಂತಿಯಾಗುತ್ತಿದೆ. ಆಗ ಮಾಡಬೇಕಾದುದೇನು? "ಕುಡಿಸಿದ್ದೆಲ್ಲ ಕಕ್ಕುತ್ತಿದೆ, ಇನ್ನೇನು ಕುಡಿಸುವುದು?" ಎಂದು ಕೈಚೆಲ್ಲುವ ತಾಯಂದಿರಿಗೆ ಉತ್ತರ ಬಹು ಸರಳವಾಗಿದೆ. ವಾಂತಿಯಾದ ಬಳಿಕ ಹತ್ತು ನಿಮಿಷ ಸುಮ್ಮನಿರಿ. ಅನಂತರ ಓ.ಆರ್.ಎಸ್. ದ್ರಾವಣವನ್ನು ಒಂದು ಟೀ ಚಮಚದಷ್ಟು ಕೊಡಿ. ಎರಡು ನಿಮಿಷ ಬಿಟ್ಟು ಇನ್ನೊಂದು ಚಮಚ. ಮತ್ತೆರಡು ನಿಮಿಷಕ್ಕೆ ಮತ್ತೊಂದು. ಲೋಟ ಬಾಯಿಗಿಟ್ಟು ಗಟಗಟನೆ ಕುಡಿಸಿದರೆ ಕೆರಳಿದ ಹೊಟ್ಟೆ ಅದನ್ನು ಹೊರಗೆಸೆಯುತ್ತದೆ. ಚಮಚದಷ್ಟನ್ನು ಅದು ಉಳಿಸಿಕೊಳ್ಳುತ್ತದೆ.

ಚಮಚದಿಂದ ಏನಾದೀತು ಎಂದು ಅನುಮಾನಿಸುವವರು ಲೆಕ್ಕ ಹಾಕಿ ನೋಡಲಿ. ಒಂದು ಟೀ ಚಮಚವೆಂದರೆ 5 ಮಿಲಿಲೀಟರ್. ಎರಡು ನಿಮಿಷಕ್ಕೊಂದರಂತೆ ಗಂಟೆಗೆ 30 ಚಮಚ; ಅಂದರೆ 150 ಮಿಲಿಲೀಟರ್. ನಾಲ್ಕು ಗಂಟೆಗಳಲ್ಲಿ 600 ಮಿಲಿಲೀಟರ್. ಹತ್ತು ಕಿಲೋ ತೂಕದ ಮಗು ಕಳೆದುಕೊಂಡ ಅರ್ಧ ಲೀಟರನ್ನು ತಾಯಿಯೊಬ್ಬಳು ಮಡಿಲಲ್ಲಿ ಕೂರಿಸಿಕೊಂಡೇ ತುಂಬಿಕೊಟ್ಟಳೆಂದಾಯಿತು. ನಡುವೆ ಮತ್ತೆ ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಆರಂಭಿಸುವುದು. ಒಬ್ಬಳಿಂದಲೇ ಆಗದಿದ್ದರೆ ತಂದೆ, ಅಜ್ಜಿ, ಅತ್ತೆ ಸರದಿಯ ಮೇಲೆ ಕುಳಿತುಕೊಳ್ಳಲಿ. ಈ ಕೆಲಸಕ್ಕೆ ಪಾಂಡಿತ್ಯ ಬೇಡ, ತಾಳ್ಮೆ ಬೇಕು.

ಭೇದಿಯೂ ಇದ್ದರೆ, ಪ್ರತಿ ಬಾರಿ ಭೇದಿಯಾದ ಬಳಿಕ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕೆ ಮೇಲ್ಪಟ್ಟವರಿಗೆ 100ರಿಂದ 200 ಮಿಲಿಲೀಟರ್ ದ್ರಾವಣವನ್ನು ಹೀಗೆಯೇ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಕೂಡದು. ಸ್ವಲ್ಪ ಸ್ವಲ್ಪ ಹೊತ್ತಿಗೆ, ಕಡಿಮೆ ಅವಧಿಗೆ ಕುಡಿಸುತ್ತಲೇ ಇರಬೇಕು. ವಾಂತಿ ಹಿಡಿತಕ್ಕೆ ಬಂದೊಡನೆ ಗಂಜಿ, ಮೊಸರನ್ನ, ಇಡ್ಲಿ, ಬಾಳೆಹಣ್ಣು, ಮಗುವಿಗೆ ರೂಢಿಯಿರುವ ರಾಗಿ ಸರಿ, ಇವುಗಳನ್ನು ಸ್ವಲ್ಪಸ್ವಲ್ಪವಾಗಿ ಕೊಡಬಹುದು. "ಹೊಟ್ಟೆಗೆ ವಿಶ್ರಾಂತಿ ಕೊಡಬೇಕು" ಎಂದು ಮಗುವನ್ನು ಎರಡು ದಿನ ಉಪವಾಸ ಕೆಡವುವ ಪದ್ಧತಿಯಿಂದ ಚೇತರಿಕೆ ತಡವಾಗುತ್ತದೆ. ಭೇದಿಯಾದ ಮಕ್ಕಳಿಗೆ ವೈದ್ಯರು 14 ದಿನಗಳ ಕಾಲ ಸತುವಿನ ಅಂದರೆ ಜಿಂಕ್ ಮಾತ್ರೆಯನ್ನೂ ಬರೆದುಕೊಡುತ್ತಾರೆ. ಭೇದಿ ನಿಂತಿತೆಂದು ಅದನ್ನು ನಡುವೆ ಬಿಡಬಾರದು. ಅದು ಮುಂದಿನ ಕೆಲವು ತಿಂಗಳುಗಳವರೆಗೆ ಭೇದಿ ಮರುಕಳಿಸದಂತೆಯೂ ನೆರವಾಗುತ್ತದೆ.

ಬನಗಾಂವ್ ಕಲಿಸಿದ ಪಾಠ

ಚಮಚದ ನೀರಿಗೆ ಇಷ್ಟು ಮಹತ್ವ ಬಂದದ್ದು ಹೇಗೆ ಎಂಬುದು ತಿಳಿಯತಕ್ಕ ಕಥೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಲಕ್ಷಾಂತರ ಮಂದಿ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಹರಿದುಬಂದರು. ಗಡಿಯ ಸಮೀಪದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೂ ರೋಗಿಗಳು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಅದನ್ನು ಏರಿಸಬಲ್ಲ ಕೈಗಳೂ ಸಾಲದಾಗಿದ್ದವು. ಅಲ್ಲಿದ್ದ ಮಕ್ಕಳ ವೈದ್ಯ ಡಾ. ದಿಲೀಪ್ ಮಹಾಲನಬೀಸ್ ಧೈರ್ಯದ ನಿರ್ಧಾರವೊಂದನ್ನು ಕೈಗೊಂಡರು. ಉಪ್ಪು, ಗ್ಲೂಕೋಸ್ ಮತ್ತು ಅಡಿಗೆ ಸೋಡಾ ಬೆರೆಸಿದ ಪೊಟ್ಟಣಗಳನ್ನು ಕಲ್ಕತ್ತೆಯಲ್ಲಿ ಸಿದ್ಧಪಡಿಸಿ ತರಿಸಿ, ನೀರಿನಲ್ಲಿ ಕರಗಿಸಿ, ನಲ್ಲಿಯುಳ್ಳ ಡ್ರಮ್ಮುಗಳಲ್ಲಿ ತುಂಬಿಸಿದರು. ಕುಡಿಸುವ ಕೆಲಸವನ್ನು ರೋಗಿಗಳ ಬಂಧುಗಳಿಗೇ ಒಪ್ಪಿಸಿದರು. ಅಂಥ ಶಿಬಿರಗಳಲ್ಲಿ ನೂರಕ್ಕೆ ಮೂವತ್ತರವರೆಗೂ ಏರಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ ನಾಲ್ಕಕ್ಕಿಂತಲೂ ಕೆಳಗಿಳಿಯಿತು.

ಇದರ ಗುಟ್ಟು ಕರುಳಿನಲ್ಲಿದೆ. ಬರಿಯ ನೀರು ರೋಗಗ್ರಸ್ತ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದು. ಆದರೆ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಗೂಡಿ ಬಂದಾಗ ಕರುಳಿನ ಗೋಡೆ ಅವೆರಡನ್ನೂ ಒಟ್ಟಿಗೆ ಒಳಗೆ ಸೇರಿಸಿಕೊಳ್ಳುತ್ತದೆ. ಅವುಗಳ ಬೆನ್ನಿಗೆ ನೀರೂ ಒಳಸೇರುತ್ತದೆ. ವೈದ್ಯಕೀಯ ಪತ್ರಿಕೆಯಾದ ಲ್ಯಾನ್ಸೆಟ್ 1978ರಲ್ಲಿ ಇದನ್ನು ಆ ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಹುದೆಂದು ಬಣ್ಣಿಸಿತು. ಮಹಾಲನಬೀಸ್ ಅವರು 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 2023ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನು ನೀಡಿತು. ಬನಗಾಂವ್‌ನಲ್ಲಿ ಅವರು ತೋರಿಸಿಕೊಟ್ಟ ದೊಡ್ಡ ಸಂಗತಿಯೆಂದರೆ, ಈ ಚಿಕಿತ್ಸೆಯನ್ನು ತಾಯಿಯ ಕೈಗೆ ಒಪ್ಪಿಸಬಹುದು ಎಂಬುದು.

ಆದರೂ ನಮ್ಮ ಊರುಗಳಲ್ಲಿ "ಒಂದು ಬಾಟಲಿ ಗ್ಲೂಕೋಸ್ ಏರಿಸಿ ಡಾಕ್ಟ್ರೇ" ಎಂಬ ಬೇಡಿಕೆ ಇನ್ನೂ ನಿಂತಿಲ್ಲ. ಸೂಜಿ ಚುಚ್ಚಿದರೇ ಚಿಕಿತ್ಸೆ ಎಂಬ ನಂಬಿಕೆ ಅಷ್ಟು ಬೇರೂರಿದೆ. ಎಚ್ಚರವಿದ್ದು ನುಂಗಬಲ್ಲ ಮಗುವಿಗೆ ಚಮಚವೇ ಸಾಮಾನ್ಯವಾಗಿ ಸಾಕು. ಮಂಕಾಗಿ ನುಂಗಲಾರದ ಮಗುವಿಗೆ ಮಾತ್ರ ರಕ್ತನಾಳದ ಮೂಲಕ ದ್ರವ ಬೇಕೇಬೇಕು. ಅದೂ ಗಂಟೆಗಳ ಬಳಿಕವಲ್ಲ, ಒಡನೆಯೇ.

ಪೊಟ್ಟಣ ಕೊಳ್ಳುವಾಗ

ಓ.ಆರ್.ಎಸ್. ಪುಡಿಯನ್ನು ಆಶಾ ಕಾರ್ಯಕರ್ತೆಯರಿಂದಲೂ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೂ ಪಡೆಯಬಹುದು. ಔಷಧಿ ಅಂಗಡಿಯಲ್ಲಿ ಅಲ್ಪ ಬೆಲೆಗೆ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಸಿಟ್ರೇಟ್, ಒಟ್ಟು 20.5 ಗ್ರಾಂ ಪುಡಿ ಇರಬೇಕು. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಪೊಟ್ಟಣದ ಮೇಲೆ ಬರೆದಿರುವಷ್ಟು ನೀರಿಗೆ ಇಡೀ ಪೊಟ್ಟಣವನ್ನು ಒಂದೇ ಸಲ ಹಾಕಬೇಕು. ಒಂದು ಲೋಟಕ್ಕೆ ಒಂದು ಚಿಟಿಕೆಯಂತೆ ಬೆರೆಸುವುದು ತಪ್ಪು. ನೀರು ಕಡಿಮೆಯಾಗಿ ದ್ರಾವಣ ಗಟ್ಟಿಯಾದರೆ ರಕ್ತದಲ್ಲಿ ಉಪ್ಪು ಏರಿ ಮಗುವಿಗೆ ಅಪಾಯ. ನೀರು ಹೆಚ್ಚಾದರೆ ಪ್ರಯೋಜನ ಸಾಲದು. ಕುದಿಸಿ ಆರಿಸಿದ ನೀರಿನಲ್ಲಿ ಕದಡಬೇಕು. ಕದಡಿದ ಮೇಲೆ ಮತ್ತೆ ಕಾಯಿಸಬಾರದು. 24 ಗಂಟೆಗಳಾದ ಮೇಲೆ ಉಳಿದದ್ದನ್ನು ಚೆಲ್ಲಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಬಣ್ಣಬಣ್ಣದ ರಟ್ಟಿನ ಪೆಟ್ಟಿಗೆಗಳಲ್ಲಿ, ಓ.ಆರ್.ಎಸ್. ಎಂಬ ಅಕ್ಷರಗಳನ್ನೇ ಹೆಸರಿನಲ್ಲಿಟ್ಟುಕೊಂಡ ಹಣ್ಣಿನ ರುಚಿಯ ಪಾನೀಯಗಳು ಬಹುಕಾಲ ಮಾರಾಟವಾದವು. ಅವುಗಳಲ್ಲಿ ಸಕ್ಕರೆ ಅತಿಯಾಗಿದ್ದು ಲವಣಾಂಶ ತಕ್ಕಷ್ಟಿರಲಿಲ್ಲ. ಅತಿಸಕ್ಕರೆಯ ಪಾನೀಯ ಕರುಳಿಗೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ವರ್ಷಗಳ ಕಾಲ ಹೋರಾಡಿದ ಫಲವಾಗಿ, ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಈ ಅಕ್ಷರಗಳನ್ನು ಬಳಸಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಆದರೂ ಕೊಳ್ಳುವವರು ಹೆಸರನ್ನಷ್ಟೇ ನೋಡದೆ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿರುವ ಪುಡಿಯನ್ನೇ ಕೇಳಿ ಪಡೆಯುವುದು ಕ್ಷೇಮ.

ಪೊಟ್ಟಣ ಸಿಗದ ನಡುರಾತ್ರಿಯಲ್ಲಿ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾಗಲೇಬಾರದು. ಆರು ತಿಂಗಳು ತುಂಬಿದ ಮಕ್ಕಳಿಗೆ ಉಪ್ಪು ಬೆರೆಸಿದ ಅಕ್ಕಿಗಂಜಿಯ ತಿಳಿ, ನೀರು ಮಜ್ಜಿಗೆಗಳೂ ಆಗಬಹುದು.

ಮಾಡಕೂಡದ ಕೆಲವು ಕೆಲಸಗಳು

ವಾಂತಿ ನಿಲ್ಲಿಸುವ ಔಷಧವನ್ನು, ಕಳೆದ ವರ್ಷ ಅಣ್ಣನಿಗೆ ಬರೆದುಕೊಟ್ಟದ್ದು ಉಳಿದಿದೆಯೆಂದು ತಮ್ಮನಿಗೆ ಕುಡಿಸಕೂಡದು. ಮಕ್ಕಳಿಗೆ ಅದರ ಪ್ರಮಾಣ ತೂಕವನ್ನು ಅವಲಂಬಿಸಿದೆ. ಕೆಲವು ಔಷಧಗಳಿಂದಲೇ ಮಗು ಮಂಕಾಗಿ, ರೋಗದ ಗುರುತು ಮರೆಯಾಗುತ್ತದೆ. ಭೇದಿ ಕಟ್ಟುವ ಮಾತ್ರೆಗಳು ಮಕ್ಕಳಿಗೆ ಸಲ್ಲವು. ಜ್ವರವಿದೆಯೆಂದು ಆಸ್ಪಿರಿನ್ ಕೊಡಬಾರದು. ಸೋಡಾ, ತಂಪು ಪಾನೀಯ, ಚಹಾ, ಕಾಫಿ ಬೇಡ. ಆರು ತಿಂಗಳೊಳಗಿನ ಕೂಸಿಗೆ ಬರಿಯ ನೀರು ಅಥವಾ ಸಕ್ಕರೆ ನೀರನ್ನು ಕುಡಿಸುತ್ತ ಕುಳಿತರೆ ರಕ್ತದ ಉಪ್ಪಿನಂಶ ಇಳಿದು ಸೆಳವು ಬರುವ ಸಂಭವವಿದೆ. ಅದಕ್ಕೆ ಎದೆಹಾಲು ಮತ್ತು ಸರಿಯಾಗಿ ಕದಡಿದ ಓ.ಆರ್.ಎಸ್. ಎರಡೇ ಸಾಕು.

ದೃಷ್ಟಿಯಾಗಿದೆಯೆಂದು ಮೆಣಸಿನಕಾಯಿ ಸುಳಿದು ಒಲೆಗೆ ಹಾಕುವವರ ಮೇಲೆ ಕೋಪಿಸಿಕೊಂಡು ಫಲವಿಲ್ಲ. ಆದರೆ ಅದರಲ್ಲೇ ರಾತ್ರಿ ಕಳೆಯಬಾರದು. ಹೊಟ್ಟೆಗೆ ಬರೆ ಎಳೆಸುವುದಂತೂ ಕ್ರೌರ್ಯವೇ ಸರಿ. ಸೋತ ಮಗುವಿಗೆ ಸುಟ್ಟ ಗಾಯವನ್ನೂ ಕೊಟ್ಟಂತಾಗುತ್ತದೆ. "ಹಲ್ಲು ಬರುವಾಗ ಇದೆಲ್ಲ ಸಹಜ" ಎಂಬ ಮಾತನ್ನೂ ಬಿಡಬೇಕು. ಹಲ್ಲು ಹುಟ್ಟುವ ವಯಸ್ಸಿನಲ್ಲಿ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದರಿಂದ ಸೋಂಕು ತಗಲುತ್ತದೆಯೇ ಹೊರತು, ಹಲ್ಲಿನಿಂದ ಮಗು ಮಂಕಾಗುವುದಿಲ್ಲ. ನಮ್ಮ ಮನೆಗಳಲ್ಲಿ ಕಷ್ಟ ಬಂದಾಗ ಜಪಸರ ಕೈಗೆ ಬರುವುದು ಸಹಜ. ಆದರೆ ಆ ಪ್ರಾರ್ಥನೆ ಆಸ್ಪತ್ರೆಯ ದಾರಿಯಲ್ಲೇ ನಡೆಯಲಿ.

ಕಾಯದೆ ಹೊರಡಬೇಕಾದ ಸಂದರ್ಭಗಳು

ವಾಂತಿಗೆಲ್ಲ ಹೊಟ್ಟೆಯೇ ಕಾರಣವಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಭೇದಿಯಿಲ್ಲದೆ ವಾಂತಿ ಮತ್ತು ಮಂಕು ಮಾತ್ರ ಕಂಡರೆ ಸಂಶಯ ಇನ್ನೂ ಹೆಚ್ಚಬೇಕು. ಜ್ವರ, ಕತ್ತು ಬಿಗಿತ, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವುದು, ಕೂಸಾದರೆ ನೆತ್ತಿ ಉಬ್ಬುವುದು ಇವು ಮಿದುಳು ಪೊರೆಯ ಉರಿಯೂತದ ಲಕ್ಷಣಗಳು. ಮಂಚದಿಂದಲೋ ಮೆಟ್ಟಿಲಿಂದಲೋ ಬಿದ್ದ ಮಗು ಅನಂತರ ವಾಂತಿ ಮಾಡಿ ತೂಕಡಿಸಿದರೆ ತಲೆಯೊಳಗೆ ಪೆಟ್ಟಾಗಿರಬಹುದು. ವಾಂತಿ ಹಸಿರು ಬಣ್ಣಕ್ಕಿದ್ದರೆ, ಹೊಟ್ಟೆ ಉಬ್ಬಿದ್ದರೆ, ಬಿಟ್ಟುಬಿಟ್ಟು ಚೀರಿ ಅಳುವ ಕೂಸಿನ ಮಲದಲ್ಲಿ ರಕ್ತ ಮತ್ತು ಲೋಳೆ ಕಂಡರೆ ಕರುಳು ಕಟ್ಟಿಕೊಂಡಿರುವ ಅಥವಾ ಒಂದರೊಳಗೊಂದು ಸೇರಿಕೊಂಡಿರುವ ಸಂಭವವಿದೆ. ಅದು ಶಸ್ತ್ರಚಿಕಿತ್ಸಕರ ಕೆಲಸ. ಕೆಲವು ದಿನಗಳಿಂದ ಅತಿಯಾಗಿ ನೀರು ಕುಡಿದು, ಪದೇಪದೇ ಮೂತ್ರ ಮಾಡಿ, ತೆಳ್ಳಗಾದ ಮಗು ವಾಂತಿ ಮಾಡಿ ಏದುಸಿರು ಬಿಟ್ಟರೆ ಮಕ್ಕಳ ಮಧುಮೇಹವನ್ನು ಪರೀಕ್ಷಿಸಬೇಕು. ಮಳೆಗಾಲದಲ್ಲಿ ಡೆಂಗೆಯ ಜ್ವರ ಇಳಿದ ಮೇಲೆ ಬಿಡದ ವಾಂತಿ, ಹೊಟ್ಟೆನೋವು, ಮಂಕು ಕಾಣಿಸಿದರೆ ರೋಗ ವಾಸಿಯಾಯಿತೆಂದು ನೆಮ್ಮದಿಯಿಂದಿರಕೂಡದು. ಅಪಾಯದ ಕಾಲ ಅದೇ.

ನಮ್ಮದು ಹೊಲಗದ್ದೆಗಳ ಸೀಮೆ. ಈರುಳ್ಳಿ, ಹತ್ತಿ, ದಾಳಿಂಬೆಗೆ ಸಿಂಪಡಿಸುವ ಕೀಟನಾಶಕದ ಡಬ್ಬಿ ಮನೆಯ ಮೂಲೆಯಲ್ಲೇ ಇರುವುದುಂಟು. ವಾಂತಿಯೊಡನೆ ಬಾಯಲ್ಲಿ ಜೊಲ್ಲು, ಬೆವರು, ಕಣ್ಣಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುವುದು ಕಂಡರೆ ವಿಷವೆಂದೇ ಶಂಕಿಸಬೇಕು. ಬೇಲಿಯ ಕಾಡುಹರಳಿನ ಬೀಜವನ್ನು ಕಡಲೆಬೀಜದಂತೆ ತಿಂದು ಮಕ್ಕಳು ವಾಂತಿ ಮಾಡಿಕೊಳ್ಳುವುದೂ ಹೊಸತಲ್ಲ. ಇಂಥ ಸಂದರ್ಭದಲ್ಲಿ ಬಲವಂತವಾಗಿ ವಾಂತಿ ಮಾಡಿಸದೆ, ಡಬ್ಬಿಯನ್ನೋ ಬೀಜವನ್ನೋ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸಬೇಕು.

ಇಷ್ಟನ್ನೆಲ್ಲ ನೆನಪಿಡುವುದು ಕಷ್ಟವೆನ್ನುವವರು ನಾಲ್ಕನ್ನಾದರೂ ನೆನಪಿಡಿ: ಮಗು ಕುಡಿಯಲಾರದು ಅಥವಾ ಮೊಲೆ ಹಿಡಿಯದು, ಕುಡಿಸಿದ್ದನ್ನೆಲ್ಲ ವಾಂತಿ ಮಾಡುತ್ತದೆ, ಸೆಳವು ಬಂದಿದೆ, ಮಂಕಾಗಿದೆ ಅಥವಾ ಎಚ್ಚರ ತಪ್ಪಿದೆ. ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಕಲಿಸುವ ಅಪಾಯದ ಚಿಹ್ನೆಗಳು ಇವೇ. ಒಂದೇ ಒಂದು ಕಂಡರೂ ಹೊರಡಬೇಕು. ಎರಡು ತಿಂಗಳೊಳಗಿನ ಕೂಸಾದರೆ ಮರುಕಳಿಸುವ ವಾಂತಿಯೊಂದೇ ಸಾಕು, ಕಾಯಬೇಡಿ.

ಕರ್ನಾಟಕದಲ್ಲಿ 2008ರಿಂದ ಇರುವ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡಿ. ತಡವಾಗುವುದಾದರೆ ಸಿಕ್ಕ ವಾಹನದಲ್ಲಿ ಹಿರಿಯೂರು ಅಥವಾ ಚಿತ್ರದುರ್ಗದ ದೊಡ್ಡ ಆಸ್ಪತ್ರೆಗೆ ಸಾಗಿ. ಎಚ್ಚರವಿರುವ ಮಗುವಿಗೆ ದಾರಿಯುದ್ದಕ್ಕೂ ಚಮಚದಿಂದ ಕುಡಿಸುತ್ತಿರಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಕೂಡದು, ಶ್ವಾಸಕೋಶಕ್ಕೆ ಹೋಗುತ್ತದೆ. ಅದನ್ನು ಒಂದು ಮಗ್ಗುಲಾಗಿ ಮಲಗಿಸಿಕೊಳ್ಳಿ, ಬೆಚ್ಚಗೆ ಹೊದಿಸಿ. ಎಷ್ಟು ಬಾರಿ ವಾಂತಿಯಾಯಿತು, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ, ಏನು ಔಷಧ ಕೊಟ್ಟಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ವೈದ್ಯರ ಹತ್ತು ನಿಮಿಷ ಉಳಿಯುತ್ತದೆ. ಸರದಿಯಲ್ಲಿ ಸುಮ್ಮನೆ ನಿಲ್ಲದೆ, "ಮಗು ಮಂಕಾಗಿದೆ" ಎಂಬ ಮಾತನ್ನು ಮೊದಲು ಸಿಕ್ಕ ಶುಶ್ರೂಷಕಿಗೇ ಹೇಳಿ.

ಕೊಡದ ನೀರು

ಚಿತ್ರದುರ್ಗ ಜಿಲ್ಲೆಗೆ ಈ ಪಾಠ ದೂರದ್ದಲ್ಲ. 2023ರ ಜುಲೈ ಕೊನೆ ಮತ್ತು ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದ ನೂರಕ್ಕೂ ಹೆಚ್ಚು ಮಂದಿ ವಾಂತಿ ಭೇದಿಯಿಂದ ಅಸ್ವಸ್ಥರಾದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ದೊಡ್ಡವರನ್ನೇ ಕೆಡವಿದ ನೀರು ಕೂಸುಗಳನ್ನು ಬಿಟ್ಟೀತೇ?

ನಮ್ಮ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಹಳ್ಳಿಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಘಟಕದಿಂದ ಶುದ್ಧವಾಗಿಯೇ ಬಂದ ನೀರು, ತೊಳೆಯದ ಕ್ಯಾನಿನಲ್ಲಿ ಮೂರು ದಿನ ನಿಂತು, ಕೈಯದ್ದಿದ ಲೋಟದಿಂದ ಮೊಗೆದಾಗ ಶುದ್ಧವಾಗಿ ಉಳಿಯದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ನೀರನ್ನೂ ಕುದಿಸಿ, ಮುಚ್ಚಿಟ್ಟು, ಹಿಡಿಯಿರುವ ಸೌಟಿನಿಂದ ತೆಗೆಯುವ ರೂಢಿ ಬೇಕು. ಮಗುವಿನ ಮಲ ತೊಳೆದ ಮೇಲೆ ಮತ್ತು ಉಣಿಸುವ ಮುನ್ನ ಸಾಬೂನಿನಿಂದ ಕೈತೊಳೆಯಬೇಕು. ಹಾಲಿನ ಬಾಟಲಿಗಿಂತ ಒಳಲೆ, ಬಟ್ಟಲು, ಚಮಚಗಳೇ ಲೇಸು. ಅವನ್ನು ತೊಳೆಯುವುದು ಸುಲಭ. ಮಕ್ಕಳ ವಾಂತಿ ಭೇದಿಗೆ ಮುಖ್ಯ ಕಾರಣವಾದ ರೋಟಾ ವೈರಾಣುವಿನ ವಿರುದ್ಧ ಲಸಿಕೆ 2016ರಲ್ಲಿ ದೇಶದ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2019ರ ಹೊತ್ತಿಗೆ ಕರ್ನಾಟಕಕ್ಕೂ ಬಂದಿದೆ. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಬಾಯಿಯ ಮೂಲಕ ಹಾಕುವ ಈ ಲಸಿಕೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಅದನ್ನು ತಪ್ಪಿಸಬೇಡಿ.

ಧರ್ಮಕೇಂದ್ರದ ಮಹಿಳಾ ಕೂಟಗಳಲ್ಲಿ, ಧರ್ಮಭಗಿನಿಯರ ಚಿಕಿತ್ಸಾಲಯಗಳಲ್ಲಿ, ಧರ್ಮೋಪದೇಶದ ತರಗತಿ ಮುಗಿದ ಬಳಿಕ ಒಂದು ಹದಿನೈದು ನಿಮಿಷ ಓ.ಆರ್.ಎಸ್. ಕದಡುವುದನ್ನು ಕಲಿಸಿದರೆ, ಅದು ಸಣ್ಣ ಸೇವೆಯಾಗದು. ಹತ್ತು ವರ್ಷದ ಅಕ್ಕನೂ ಕಲಿಯಬಲ್ಲ ವಿದ್ಯೆ ಇದು. ಪ್ರತಿ ಮನೆಯ ಗೂಡಿನಲ್ಲಿ ಮೇಣದ ಬತ್ತಿ, ಬೆಂಕಿಪೆಟ್ಟಿಗೆಗಳ ಪಕ್ಕದಲ್ಲೇ ಎರಡು ಪೊಟ್ಟಣ ಪುಡಿಯೂ ಇರಲಿ.

ಮೊದಲು ಹೇಳಿದ ಆ ಮನೆಗೆ ಮತ್ತೊಮ್ಮೆ ಹಿಂದಿರುಗೋಣ. ರಾತ್ರಿ ಹನ್ನೊಂದು ಗಂಟೆ. ಮಗು ಹೆಗಲ ಮೇಲೆ ಕಣ್ಣು ಮುಚ್ಚಿದೆ. ಅಜ್ಜಿ ಬಾಗಿಲಲ್ಲಿ ನಿಂತಿದ್ದಾರೆ. ಈ ಸಲ ಅವರು ಹೇಳಬೇಕಾದ ಮಾತು ಬೇರೆ: "ಒಂದು ಸಲ ಎಬ್ಬಿಸಿ ನೋಡು ಕಣಮ್ಮ. ನಿನ್ನ ಮುಖ ನೋಡುತ್ತಾ, ಕೇಳು." ಮಗು ಕಣ್ಣು ತೆರೆದು, ಮುಖ ಹಿಂಡಿ, ಅತ್ತರೆ ಚಮಚ ತನ್ನಿ. ಅಳದಿದ್ದರೆ ಗಾಡಿ ತನ್ನಿ.